ಹೊಸ್ತಿಲಲ್ಲಿ ನಿಂತ ದೊಲೋರೆಸಜ್ಜಿ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಬೀದಿಯಲ್ಲಿ ಬೆಳಗಿನ ಮಂಜು ಕದಲುವ ಮೊದಲೇ ಪಕ್ಕದ ಮನೆಯ ದೊಲೋರೆಸಜ್ಜಿ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ವೆನೆಜುವೆಲಾದಿಂದ ಬಂದವರ ಆ ತುಂಬಿದ ಮನೆಯಲ್ಲಿ ಹಿರಿಯರ ಆಶೀರ್ವಾದ ಕೇಳದೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಮೀಸೆ ಚಿಗುರಿದ ಮೊಮ್ಮಗನೂ ತಲೆ ಬಗ್ಗಿಸಿ, "ಬಸ್ಸು ಹೋಗ್ತಿದೆ ಅಜ್ಜೀ, ಬೇಗ ಹರಸು!" ಎಂದು ಗೋಗರೆಯಬೇಕು. "ದೇವರು ಕಾಯಲಿ ಮಗನೇ, ಕೋಟು ಹಾಕ್ಕೋ" ಎಂದು ಅವಳು ನೆತ್ತಿ ಸವರುತ್ತಾಳೆ. ಜೂನ್ ತಿಂಗಳ ಬಿಸಿಲಲ್ಲೂ ಕೋಟೇ. ಅಂಚೆಯವನಿಗೂ ಒಂದು ಆಶೀರ್ವಾದ, ನನ್ನ ಬೋಳುತಲೆಗೂ ಒಂದು, ಬೇಲಿ ಹಾರುವ ಬೆಕ್ಕಿಗೂ ಒಂದು. ಎಲ್ಲರನ್ನೂ ಕಳಿಸಿ ತಾನು ಅಂಗಡಿಗೆ ಹೊರಡುವಾಗ ಮಾತ್ರ, ದೂರದ ಊರಿನ ಮುದಿತಾಯಿಗೆ ಫೋನು ಹಚ್ಚಿ, ಪುಟ್ಟ ಹುಡುಗಿಯ ದನಿಯಲ್ಲಿ "ಹರಸಮ್ಮಾ" ಎನ್ನುತ್ತಿದ್ದಳು. ಆ ತಾಯಿ ಈ ಚಳಿಗಾಲ ತೀರಿಕೊಂಡಳು. ಅಂದಿನಿಂದ ಅಜ್ಜಿ ಚೀಲ ಹಿಡಿದು ಹೊಸ್ತಿಲವರೆಗೆ ಬಂದು, ಹರಸುವವರಿಲ್ಲದೆ, ಕನಸಿನಲ್ಲಿದ್ದವಳಂತೆ ನಿಂತು ಒಳಗೆ ಮರಳುತ್ತಿದ್ದಳು. ನಿನ್ನೆ ಐದು ವರ್ಷದ ಮೊಮ್ಮಗಳು ಪಲೋಮಾ ಬಾಗಿಲ ಪಕ್ಕದ ಮೆಟ್ಟಿಲೇರಿ, ಅಜ್ಜಿಯ ನೆತ್ತಿಯ ಮೇಲೆ ಕೈಯಿಟ್ಟು ಗದರಿದಳು: "ದೇವರು ಕಾಯಲಿ ಮಗಳೇ, ಕೋಟು ಹಾಕ್ಕೋ." ಅಜ್ಜಿ ಕೋಟಿನ ಗುಂಡಿ ಹಾಕಿಕೊಂಡು ಹೊಸ್ತಿಲು ದಾಟಿ, ಮಂಜಿನೊಳಗೆ ಹುಡುಗಿಯಂತೆ ನಡೆದುಹೋದಳು.