ಎತ್ತಿನ ವ್ಯಾಪಾರಕ್ಕೆ ಬಂದ ಸುಳ್ಳು ಕಣಜ

ಒಂದು ಹುಳ ನನ್ನ ಪರವಾಗಿ ಎತ್ತು ಖರೀದಿ ಮಾಡಿತು ಅಂದರೆ ನಂಬುತ್ತೀರಾ?

ಕಳೆದ ವಾರ ಕೊಲ್ಲಮೊಗ್ರಿಗೆ ಹೋಗಿದ್ದೆ. ಸುಬ್ಬಪ್ಪ ಗೌಡರ ಹಟ್ಟಿಯಲ್ಲಿ ಮಾರುವ ಜೋಡಿ ಎತ್ತು ಉಂಟು ಅಂತ ಸುದ್ದಿ. ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ ನೋಡಿ. (ನಯೇಪೈಸೆ ಬಂದ ಮೇಲೂ ಈ ರೂಲು ಬದಲಾಗಿಲ್ಲ.) ಇಬ್ಬರ ಕೈಯ ಮೇಲೆ ಹೆಗಲ ಬೈರಾಸು ಹೊದೆಸುವುದು, ಅದರಡಿ ಬೆರಳು ಹಿಡಿದು ಕ್ರಯ ಹೇಳುವುದು. ಕೈ ಎಳೆದರೆ ಮಾತು ಮುರಿಯಿತು. ಬಿಗಿಯಾಗಿ ಹಿಡಿದರೆ ಒಪ್ಪಿಗೆ.

ಗೌಡರ ಕ್ರಯ ಆಕಾಶದಲ್ಲಿತ್ತು. ನಾನು ಆಗಲೇ ಕೋಡು, ಗೊರಸು, ಬಾಲ ಎಲ್ಲದರಲ್ಲೂ ಕುಂದು ಹುಡುಕಿಟ್ಟಿದ್ದೆ. (ಕೊಳ್ಳಲು ಹೋದವನು ಮೊದಲು ಮಾಡಬೇಕಾದ ಕೆಲಸವೇ ಅದು.) ಇನ್ನೇನು ಇಳಿಯುತ್ತಾರೆ ಅನ್ನುವಾಗ ಬೈರಾಸಿನ ಮೇಲೆ, ನನ್ನ ಮಣಿಗಂಟಿನ ಹತ್ತಿರವೇ, ಒಂದು ಕಣಜ ಬಂದು ಕೂತಿತು. ಕಂದು ಮೈ, ಹಳದಿ ಪಟ್ಟೆ.

ಹೆದರಿದ ಕೈ ಏನು ಮಾಡುತ್ತದೆ? ಸಿಕ್ಕಿದ್ದನ್ನು ಹಿಡಿಯುತ್ತದೆ. ಸಿಕ್ಕಿದ್ದು ಗೌಡರ ಬೆರಳು.

"ಆಯ್ತು, ಎತ್ತು ನಿಮ್ಮದು," ಅಂದರು ಗೌಡರು.

"ಎಂತ ಆಯ್ತು ಗೌಡ್ರೆ? ನಾನು ಹಿಡಿದದ್ದು ಕಣಜದ ಹೆದರಿಕೆಗೆ."

"ಕಣಜವಾದರೆ ವ್ಯಾಪಾರ ಕ್ಯಾನ್ಸಲ್. ಅಲ್ಲದಿದ್ದರೆ ಎತ್ತು ಹೊಡ್ಕೊಂಡು ಹೋಗುದು. ಆದೀತಾ?"

ಆದೀತು ಅಂದೆ. ಕಣ್ಣೆದುರು ಕೂತ ಕಣಜಕ್ಕೆ ಸಾಕ್ಷಿ ಬೇಕೇ?

ಇಬ್ಬರೂ ಬಗ್ಗಿದೆವು.

"ಪಟ್ಟೆ ನೋಡಿ," ಅಂದೆ ನಾನು.

"ಅದರ ಕೈ ನೋಡಿ ಮಾರಾಯ್ರೆ," ಅಂದರು ಅವರು.

ನೋಡಿದೆ. ಗಿಡದ ಮೇಲೆ ಕೈ ಮುಗಿದು ಕೂರುವ ಹಸಿರು ಹುಳ ಉಂಟಲ್ಲ, ಥೇಟು ಅದರ ಹಾಗೆ ಮುಂಗಾಲು ಮಡಚಿಕೊಂಡಿತ್ತು. ರೆಕ್ಕೆ ಮಾತ್ರ ಅದರದ್ದಲ್ಲ. ದೀಪಕ್ಕೆ ಬರುವ ಪುಟ್ಟ ಹಸಿರು ಹುಳದ ಹಾಗೆ ತೆಳ್ಳಗೆ, ಬಲೆ ನೇಯ್ದಂತೆ. ಮೂರು ಮನೆಯಿಂದ ಸಾಲ ತಂದು ಹೊಲಿಸಿದ ಅಂಗಿ!

"ಬಾಲ ಬಗ್ಗಿಸ್ತಾ ಉಂಟು, ಈಗ ಚುಚ್ಚುತ್ತದೆ," ಅಂದೆ, ಆಸೆಯಿಂದ.

ಗೌಡರು ಬೆರಳು ಒಡ್ಡಿದರು. ಹುಳ ಹತ್ತಿತು, ತುದಿಯವರೆಗೆ ನಡೆಯಿತು, ಭಕ್ತನ ಹಾಗೆ ಕೂತಿತು.

"ಚುಚ್ಚಲಿಕ್ಕೆ ಮುಳ್ಳು ಬೇಡವಾ? ಇದರ ಹತ್ತಿರ ವೇಷ ಮಾತ್ರ ಇರುದು."

ಕೇಸು ಡಿಸ್ಮಿಸ್. ಎತ್ತು ಹೊಡೆದುಕೊಂಡು ಬಂದೆ.

ನನ್ನ ಸಲಹೆ ಕೇಳಿ. ಕಾಡಂಚಿನಲ್ಲಿ ಕಣಜ ಕಂಡರೆ ಮೊದಲು ಅದರ ಕೈ ನೋಡಿ. ಮಡಚಿದ್ದರೆ ಹೆದರಬೇಕಾಗಿಲ್ಲ. ಅಷ್ಟು ನೋಡಲು ಪುರುಸೊತ್ತಿಲ್ಲವೇ? ಹಾಗಾದರೆ ಸುಮ್ಮನೆ ಚುಚ್ಚಿಸಿಕೊಳ್ಳಿ. ಸುಣ್ಣ ಹಚ್ಚಿದರೆ ಊತ ಇಳಿಯುತ್ತದೆ. ಒಪ್ಪಿದ ಕ್ರಯ ಇಳಿಯುತ್ತದೆಯೇ?