ಅಕ್ಕನ ಬಣ್ಣದ ಪೌಡರು

ಪಕ್ಕದ ಮನೆಯ ಹುಡುಗಿ ಮೊನ್ನೆ ಹೊಸ ಕೋಲ್ಡ್ ಕ್ರೀಮಿನ ಡಬ್ಬಿ ತಂದು, "ಆಂಟಿ, ಇದು ಒಳ್ಳೇದಾ ನೋಡಿ" ಎಂದು ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಜೇನುಮೇಣದ ವಾಸನೆ. ನಮ್ಮ ಕಾಲೇಜಿನ ಲ್ಯಾಬಿನ ಆ ವಾಸನೆ ಬಂದರೆ ನಾನು ಇವತ್ತಿಗೂ ಮುಖ ತಿರುಗಿಸುತ್ತೇನೆ. ನಿಮಗೆ ನಗು ಬರಬಹುದು, ಮೂರು ವರ್ಷ ಕ್ರೀಮು ಪೌಡರು ಮಾಡುವುದನ್ನೇ ಓದಿದವಳು ನಾನು.

ಎಂಬತ್ತರ ದಶಕದ ಕೊನೆಯಲ್ಲಿ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಕಾಸ್ಮೆಟಿಕ್ ಟೆಕ್ನಾಲಜಿ ಎಂದರೆ ಯಾರಿಗೆ ತಿಳಿಯಬೇಕು? ನನಗೇ ತಿಳಿದಿರಲಿಲ್ಲ, ಬೇರೆಲ್ಲೂ ಸೀಟು ಸಿಗದೆ ಸೇರಿದ್ದೆ. ಅಮ್ಮ ಮಾತ್ರ ತನಗೆ ತೋಚಿದಂತೆ ಊರಿಗೆಲ್ಲ ಸಾರಿಕೊಂಡು ಬಂದಳು: "ನಮ್ ಚಿಕ್ಕೋಳು ಬೆಂಗ್ಳೂರಾಗೆ ಬೆಳ್ಳಗೆ ಮಾಡೋ ಓದು ಓದ್ತಾವ್ಳೆ."

ಅಕ್ಕ ಮುನಿರತ್ನ ಕಪ್ಪು. ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, "ಏಳ್ ಕಳಿಸ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಆಮೇಲೆ ಸುದ್ದಿಯೇ ಇಲ್ಲ. ನಾನು ಕಾಲೇಜು ಸೇರಿದ್ದೇ ಅಮ್ಮ ಬರುವವರನ್ನೇ ತಡೆದಳು. "ಈಗ ಬ್ಯಾಡ, ಚಿಕ್ಕೋಳ್ ಓದು ಮುಗೀಲಿ, ಆಮೇಲ್ ಬನ್ನಿ." ಅಕ್ಕನ ಮದುವೆಯನ್ನು ತಂಗಿಯ ಪರೀಕ್ಷೆಗೆ ಗಂಟು ಹಾಕಿದ ಮನೆ ನಮ್ಮದೊಂದೇ ಇರಬೇಕು.

ಚಿನ್ನದ ಗಣಿಯ ಮಾರಿಕುಪ್ಪಂನಿಂದಲೇ ತುಂಬಿಕೊಂಡು ಬರುವ ರೈಲಿನಲ್ಲಿ ದಿನಾ ನಿಂತೇ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ಅದರ ಪಕ್ಕದ ಕೋರಮಂಡಲ್‌ನಿಂದ ಬರುತ್ತಿದ್ದ ಸೆಲ್ವಿ ಎಂಬ ಟೈಪಿಸ್ಟ್, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಗುಡ್ಡಗಳ ಮಾತೆತ್ತಿ, "ನಮ್ಮೂರಲ್ಲಿ ಪೌಡರ್ ಫ್ರೀ ಮಾ, ಸೈನೈಡ್ ಗುಡ್ಡದ ಗಾಳಿ ಬಂದ್ರೆ ಸಾಕು" ಎಂದು ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಮೊದಲ ತಿಂಗಳಲ್ಲೇ ಮೇಡಂ ಹೇಳಿಬಿಟ್ಟಿದ್ದರು: ಕ್ರೀಮು ಚರ್ಮದ ತೇವ ಕಾಯುತ್ತದೆ, ಹುಟ್ಟಿದ ಬಣ್ಣ ಬದಲಿಸುವುದಿಲ್ಲ. ಅದೇ ಸಂಜೆ ಅಕ್ಕನಿಗೆ ಹೇಳಿದೆ. ಹಾಲು ಕರೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಮೊದಲ್ನೇ ವರ್ಸಕ್ಕೇ ಎಲ್ಲಾ ಏಳ್ಕೊಡ್ತಾರೇನೇ? ಕಡೇ ವರ್ಸ ಏಳ್ಕೊಡ್ತಾರೆ ಬಿಡು."

ಮತ್ತೆ ಮತ್ತೆ ಹೇಳಿದೆ. ಅವಳು ನಂಬಲಿಲ್ಲ. ಅವಳ ಆಸೆಯನ್ನು ಕಂಡು ನನಗೆ ಭಯವಾಗತೊಡಗಿತು.

ಕಡೆಯ ವರ್ಷದ ಪ್ರಾಕ್ಟಿಕಲ್‌ಗೆ ಯಾರಾದರೊಬ್ಬರ ಮೈಬಣ್ಣಕ್ಕೆ ಹೊಂದುವ ಪೌಡರು ಮಾಡಬೇಕಿತ್ತು. ಉಳಿದವರೆಲ್ಲ ಗೋಧಿ ಬಣ್ಣದವರನ್ನು ಆರಿಸಿಕೊಂಡರು. ನಾನು ಅಕ್ಕನ ಬಣ್ಣದ ಪೌಡರು ಮಾಡಲು ಕೂತೆ. ಕೆಂಪು, ಹಳದಿ, ಕಪ್ಪು ಪುಡಿಗಳನ್ನು ಚಿಟಿಕೆ ಚಿಟಿಕೆ ಸೇರಿಸಿ ಅರೆಯುವುದು, ಮನೆಗೆ ತಂದು ಅವಳ ಮುಂಗೈಗೆ ಸವರಿ ನೋಡುವುದು, ಮತ್ತೆ ಅರೆಯುವುದು. ಕೊನೆಗೆ ಹದ ಕೂಡಿಬಂದ ದಿನ ಸಂಭ್ರಮದಿಂದ ಮುಖಕ್ಕೆಲ್ಲ ಹಚ್ಚಿದೆ. ಪೌಡರು ಯಾವುದು, ಅಕ್ಕನ ಮೈಬಣ್ಣ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲ.

ಅಕ್ಕ ಕನ್ನಡಿ ಹಿಡಿದು ಬಾಗಿಲ ಬೆಳಕಿಗೆ ಹೋದಳು. ಬಹಳ ಹೊತ್ತು ನೋಡಿಕೊಂಡಳು.

"ಲೇ, ಇದು ನಾನೇ ಅಲ್ವೇನೇ?" ಎಂದಳು. ಆಮೇಲೆ, "ಕಡೇ ವರ್ಸಾನೂ ಇಷ್ಟೇನಾ?"

ಅವಳು ಮುಖ ತೊಳೆದು ಬಂದು, "ಅಮ್ಮಾ, ಇನ್ ಯಾರ್ನೂ ಕರೀಬ್ಯಾಡ" ಎಂದಳು. ಆಮೇಲೆ ಅಕ್ಕನ ಮದುವೆಯ ಮಾತೆತ್ತಲು ಮನೆಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಆ ಪೌಡರಿಗೆ ನನಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಅಂಥ ಅಂಕ ಯಾವ ಶತ್ರುವಿಗೂ ಬೇಡ.

ಹೋದ ತಿಂಗಳು ಬಂಗಾರಪೇಟೆಯ ಛತ್ರದಲ್ಲಿ ನನ್ನ ಮಗಳ ಮದುವೆ. ಫೋಟೋದವನು ಮನೆಯವರನ್ನೆಲ್ಲ ಕರೆದಾಗ ಅಕ್ಕ ಎಂದಿನಂತೆ ಕಂಬದ ಹಿಂದೆ ಸರಿದಳು. ಇಷ್ಟು ವರ್ಷ ನಾನು ಅವಳ ಕೈ ಹಿಡಿದು ಎಳೆಯುತ್ತಿದ್ದೆ, ಚೆನ್ನಾಗೇ ಇದ್ದೀಯ ಬಾ ಎನ್ನುತ್ತಿದ್ದೆ. ಈ ಸಲ ಎಳೆಯಲಿಲ್ಲ. ಹೋಗಿ ಪಕ್ಕದಲ್ಲಿ ನಿಂತೆ.

"ಓಗೇ, ಮಗಳ್ ಪಕ್ಕ ನಿಂತ್ಕೋ. ಕರೀತಾವ್ರೆ."

ಕರೆಯುತ್ತಲೇ ಇದ್ದರು. ನಾನು ಹೋಗಲಿಲ್ಲ.