ಒಂದು ಮೂಳೆ ಜಾಸ್ತಿ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಮೂಳೆರಾಯರಿಗೆ ಯಾರ ಮುಖವೂ ನೆನಪಿರುವುದಿಲ್ಲ, ಪಾದ ಮಾತ್ರ ಮರೆಯುವುದಿಲ್ಲ. ಕಾಲು ಉಳುಕಿಸಿಕೊಂಡು ಅಯ್ಯೋ ಅಮ್ಮಾ ಎನ್ನುತ್ತ ಬಂದವರ ಫಿಲ್ಮನ್ನು ಬೆಳಕಿಗೆ ಹಿಡಿದು, "ಶಭಾಷ್, ಹುಟ್ಟುತ್ತಲೇ ಒಂದು ಮೂಳೆ ಜಾಸ್ತಿ ತಂದಿದ್ದೀರಲ್ರೀ!" ಎಂದು ತಮಗೇ ಲಾಟರಿ ಹೊಡೆದಂತೆ ಹಿಗ್ಗುತ್ತಾರೆ. ಪಾದದ ಒಳಮಗ್ಗುಲಲ್ಲಿ ಬಟಾಣಿಯಷ್ಟಿರುವ ಆ ಮೂಳೆ ಎಲ್ಲರಿಗೂ ಇರುವುದಿಲ್ಲ. ಒಂದೊಂದು ಸೀಮೆಯ ಜನರಲ್ಲಿ ಒಂದೊಂದು ಲೆಕ್ಕ. ಹಾಗಾಗಿ ವಿಚಾರಣೆ ಶುರು: "ನಿಮ್ಮ ಮೂಲ ಊರು ಯಾವುದು? ಅಜ್ಜಿಯ ತವರು?" "ಸ್ವಾಮಿ, ಮೊದಲು ನೋವಿಗೆ ಏನಾದ್ರೂ ಕೊಡ್ರೀ" ಅಂದರೆ, "ಅದು ಡಾಕ್ಟರ್ ಕೆಲಸ, ನೀವು ಅಜ್ಜಿ ವಿಷಯಕ್ಕೆ ಬನ್ನಿ" ಎನ್ನುತ್ತಾರೆ. ಅವರ ನೋಟ್‌ಬುಕ್ಕಿನ ಪ್ರಕಾರ ಬೆಟ್ಟದ ಕಡೆಯವರಲ್ಲಿ ಐದಕ್ಕೊಬ್ಬರು, ಹೊಳೆಯಾಚೆಯವರಲ್ಲಿ ಹದಿನೈದಕ್ಕೊಬ್ಬರು. ಮದುವೆಮನೆಯಲ್ಲೂ ಕಣ್ಣು ನೆಲದ ಮೇಲೇ. ಚಪ್ಪಲಿ ಕಳ್ಳನೆಂದು ಎರಡು ಸಲ ಹೊರಗೆ ದಬ್ಬಿಸಿಕೊಂಡಿದ್ದಾರೆ. "ಊರವರ ಕಾಲು ಕಟ್ಕೊಂಡು ನಿಮಗೇನ್ರೀ ಆಗ್ಬೇಕು?" ಎಂದು ಹೆಂಡತಿ ರೇಗಿದಾಗ ಮಾತ್ರ ರಾಯರು ನೋಟ್‌ಬುಕ್ಕಿನ ಮೊದಲ ಪುಟ ತೆರೆಯುತ್ತಾರೆ. ಅಲ್ಲಿ ಮೊದಲ ಸಾಲು ಅವರದೇ ಪಾದದ್ದು. ಮೂಳೆ: ಇದೆ. ಮೂಲ ಊರು ಎಂಬಲ್ಲಿ, ಹಸುಗೂಸಾಗಿದ್ದ ಅವರನ್ನು ಯಾರೋ ಬಿಟ್ಟುಹೋದ ಅನಾಥಾಲಯದ ವಿಳಾಸವಿದೆ. ಇಡೀ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು ಅದೊಂದೇ.